ಯಾರ ಕೋವಿ ಎನ್ನುವ ಮೊದಲು ಯಾವ ಕೋವಿ ಎಂದು ಕೇಳಿ

ಕೊಡಗಿನ ಕೋವಿ ವಿನಾಯಿತಿಯ ಕಡತವನ್ನು ನೋಡಲಿರುವ ಕೇಂದ್ರ ಗೃಹ ಸಚಿವಾಲಯದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2019ರ ಅಕ್ಟೋಬರ್ ಕೊನೆಯಲ್ಲಿ ನಿಮ್ಮ ಸಚಿವಾಲಯ ಒಂದು ಆದೇಶ ಹೊರಡಿಸಿತು. ಕೊಡವ ಜನಾಂಗದವರೂ ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಎಂಬ ಹಳೆಯ ವಿನಾಯಿತಿ ಅದರಿಂದ ಹತ್ತು ವರ್ಷ ಮುಂದುವರಿಯಿತು. ಅದರ ಅವಧಿ 2029ರ ಅಕ್ಟೋಬರ್ 31ಕ್ಕೆ ತೀರುತ್ತದೆ. ಅದಕ್ಕೂ ಮೊದಲು ಆ ಕಡತ ಯಾರದೋ ಮೇಜಿನ ಮೇಲೆ ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ನಮ್ಮ ಕಡೆಯಿಂದ ಮನವಿಪತ್ರಗಳ ರಾಶಿ ಬಿದ್ದಿರುತ್ತದೆ, ವಿರೋಧಿಸುವವರ ಅರ್ಜಿಗಳೂ ಇರುತ್ತವೆ. ಒಂದು ರಾಶಿ ಎಲ್ಲವೂ ಹೀಗೇ ಇರಲಿ ಎನ್ನುತ್ತದೆ, ಇನ್ನೊಂದು ಎಲ್ಲವನ್ನೂ ತೆಗೆದುಹಾಕಿ ಎನ್ನುತ್ತದೆ. ನಾನು ಹೇಳಬೇಕಾದ್ದು ಇವೆರಡರಲ್ಲೂ ಇಲ್ಲ. ಅದಕ್ಕೇ ಈಗಲೇ, ಗದ್ದಲ ಏಳುವ ಮೊದಲೇ ಬರೆಯುತ್ತಿದ್ದೇನೆ.

ನಾನು ಕೊಡವತಿ. ನಿಮ್ಮ ಕಡತದ ಭಾಷೆಯಲ್ಲಿ ಹೇಳುವುದಾದರೆ ‘ಕೊಡಗು ಜನಾಂಗದ ವ್ಯಕ್ತಿ’. ಹುಟ್ಟಿದ ಮನೆಯಲ್ಲಿ ಎರಡು ಕೋವಿಗಳಿದ್ದವು. ಒಂದು ಅಜ್ಜನ ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿ, ತೆಂಗಿನ ನಾರು ತುರುಕಿ, ಸಲಾಕೆಯಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಮಳೆಗಾಲದಲ್ಲಿ ಮದ್ದಿಗೆ ತೇವ ಹಿಡಿದರೆ ಅಷ್ಟು ಮಾಡಿಯೂ ಟಸ್ ಎಂದು ಸುಮ್ಮನಾಗುತ್ತಿತ್ತು. ಎರಡನೆಯದು ಅಪ್ಪ ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ತಂದ ಜೋಡಿ ನಳಿಗೆಯ ತೋಟೆ ಕೋವಿ. ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಅಟ್ಟಳೆಯ ಮೇಲಿಂದ ಆಕಾಶಕ್ಕೆ ಒಂದು ಈಡು. ಮಂಗಗಳು ಏಲಕ್ಕಿ ತೋಟಕ್ಕೆ ಬಂದರೆ ಇನ್ನೊಂದು. ಬೇಟೆಯ ಕತೆಗಳನ್ನು ಅಜ್ಜನ ಬಾಯಿಂದ ಕೇಳಿದ್ದೇನೆ. ಆದರೆ ನಾನು ಕಣ್ಣು ಬಿಡುವ ಹೊತ್ತಿಗೆ 1972ರ ವನ್ಯಜೀವಿ ಕಾಯಿದೆ ಬಂದು ಅದು ಮುಗಿದಿತ್ತು, ಮುಗಿದದ್ದು ಒಳ್ಳೆಯದೇ ಆಯಿತು.

ಕೋವಿ ನಮ್ಮಲ್ಲಿ ಏನು ಎಂಬುದನ್ನು ಕೈಲ್‌ಪೊಳ್ದ್ ದಿನ ನೋಡಬೇಕು. ನಾಟಿ ಮುಗಿದು, ಉತ್ತ ನೇಗಿಲು ತೊಳೆದಿಟ್ಟು, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಹಬ್ಬ ಅದು. ಮನೆತನದ ಮೂಲಮನೆಯಾದ ಐನ್‌ಮನೆಯ ದೇವರ ಕೋಣೆ ಕನ್ನಿಕೊಂಬರೆಯಲ್ಲಿ ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಕೆಂಪು ಹಳದಿ ಹೂವು. ನಮ್ಮ ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎಂದು ಹೆಸರು, ಹೂವಿಗೂ ಅದೇ ಹೆಸರು. ಕಡಂಬುಟ್ಟು, ಪಂದಿಕರಿ ನೈವೇದ್ಯವಾದ ಮೇಲೆ ಮನೆತನದ ಹಿರಿಯರಾದ ಪಟ್ಟೇದಾರರು ಕೋವಿಯನ್ನು ಎತ್ತಿ ಕಿರಿಯರ ಕೈಗೆ ಕೊಡುತ್ತಾರೆ. ಆಮೇಲೆ ಮೈದಾನದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವ ಗಳಿಗೆಗೂ ಒಂದು ಈಡು. ಗಂಡುಮಗು ಹುಟ್ಟಿದರೆ ಒಂದು, ಮಗುವಿನ ಕೈಗೆ ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲು. ಸಾವಾದರೆ ಎರಡು. ಫೋನಿಲ್ಲದ ಕಾಲದಲ್ಲಿ ಕಣಿವೆಯ ಆಚೆ ದಂಡೆಯವರಿಗೆ ಸಾವಿನ ಸುದ್ದಿ ಮುಟ್ಟುತ್ತಿದ್ದದ್ದು ಹಾಗೆ. ಎರಡನೆಯ ಶಬ್ದ ಕೇಳಿದೊಡನೆ ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸುತ್ತಿದ್ದರು.

ನಾನು ಹುಟ್ಟಿದಾಗ ಈಡು ಹಾರಲಿಲ್ಲ. ಹೆಣ್ಣುಮಗುವಿಗೆ ಆ ಪದ್ಧತಿ ಇರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಪದ್ಧತಿ ಎಂಬ ಮಾತನ್ನು ಹಿಡಿದು ನಿಮ್ಮ ಮುಂದೆ ಬಂದಿರುವ ನನಗೆ ಆ ಪದ್ಧತಿ ಯಾರನ್ನು ಹೊರಗಿಡುತ್ತದೆ ಎಂಬುದೂ ಗೊತ್ತು. ಆದರೂ ಆ ಎರಡು ಕೋವಿಗಳನ್ನು ಉಜ್ಜಿ ಎಣ್ಣೆ ಹಚ್ಚಿದವಳು ನಾನೇ. ಅವು ಮನೆಯಿಂದ ಹೋಗಬೇಕೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ಈ ವಿನಾಯಿತಿ ಎಲ್ಲಿಂದ ಬಂತು ಎಂಬುದು ನಿಮ್ಮ ಕಡತದಲ್ಲಿ ಇದ್ದೇ ಇರುತ್ತದೆ. ಆದರೆ ಕಡತದ ಸಾಲುಗಳ ನಡುವೆ ಇರುವುದನ್ನು ನಾವೇ ಹೇಳಬೇಕು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಮೂರು ವರ್ಷಕ್ಕೆ, 1837ರಲ್ಲಿ, ಸುಳ್ಯ ಪುತ್ತೂರು ಸೀಮೆಯಲ್ಲೂ ಕೊಡಗಿನಲ್ಲೂ ರೈತರು ದಂಗೆ ಎದ್ದರು. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆ ದಿನವೂ ಅಕ್ಟೋಬರ್ 31. ದಂಗೆ ಅಡಗಿಸಲು ಕಂಪನಿಗೆ ನೆರವಾದ ನಮ್ಮ ಹಿರಿಯರಿಗೆ ಪದಕ ಸಿಕ್ಕಿತು. ಮುಂದೆ 1857ರ ಹೋರಾಟವಾಯಿತು, ಅದಾದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿದುಕೊಳ್ಳಲು ಕಾಯಿದೆ ತಂದರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟ. ನಿಷ್ಠೆಗೆ ಕೊಟ್ಟ ಬಹುಮಾನ ಅದು. ಬೆಂಗಳೂರಿನ ಉದ್ಯಾನಕ್ಕೆ ಹೆಸರು ಬಿಟ್ಟುಹೋದ ಆತ ಅದೇ ವರ್ಷ ಏಪ್ರಿಲ್‌ನಲ್ಲಿ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಆದೇಶ ಮಾತ್ರ ಉಳಿಯಿತು. 1878ರ ಶಸ್ತ್ರಾಸ್ತ್ರ ಕಾಯಿದೆಯ ಕಾಲ ದಾಟಿತು, ಸ್ವಾತಂತ್ರ್ಯ ದಾಟಿತು. 1959ರ ಶಸ್ತ್ರಾಸ್ತ್ರ ಕಾಯಿದೆ ಜಾರಿಗೆ ಬಂದ ಮೇಲೆ, 1963ರಲ್ಲಿ, ಅದರ 41ನೇ ಕಲಮಿನ ಅಡಿಯಲ್ಲಿ ಹೊಸ ರೂಪ ಪಡೆಯಿತು.

ಬ್ರಿಟಿಷರಿಗೆ ನಿಷ್ಠರಾಗಿದ್ದೆವು ಎಂಬ ಕಾರಣಕ್ಕೆ ಸಿಕ್ಕಿದ ಹಕ್ಕನ್ನು ಆ ಕಾರಣ ಹೇಳಿಕೊಂಡು ಇಂದು ನಾನು ಕೇಳಲಾರೆ. ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದ ಊರಿನಲ್ಲಿ ನಿಂತು ಹಾಗೆ ಕೇಳುವುದಕ್ಕೆ ನನಗೆ ಮನಸ್ಸಿಲ್ಲ. ‘ವೀರ ಜನಾಂಗ’ ಎಂಬ ಇನ್ನೊಂದು ಕಾರಣವನ್ನೂ ನಾನು ಮುಂದಿಡುವುದಿಲ್ಲ. ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ನಮ್ಮವರು, ಅವರ ಬಗ್ಗೆ ಹೆಮ್ಮೆ ಇದೆ. ಆದರೆ ಆ ಪದ ಸೈನ್ಯಕ್ಕೆ ಜನ ಸೇರಿಸಿಕೊಳ್ಳಲು ಬ್ರಿಟಿಷರು ಮಾಡಿಕೊಂಡ ಪಟ್ಟಿಯದು. ರಕ್ತದಲ್ಲೇ ಕೋವಿ ಹಿಡಿಯುವ ಯೋಗ್ಯತೆ ಇರುತ್ತದೆ ಎಂದು ನಂಬುವ ಕಾಲ ಹೋಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿಮ್ಮ ಆದೇಶವನ್ನು ಎತ್ತಿಹಿಡಿಯಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ವಜಾ ಮಾಡಿತು. ಈ ವಿನಾಯಿತಿ ಶಾಶ್ವತವಲ್ಲ, ಹತ್ತು ವರ್ಷಕ್ಕೆ ಸೀಮಿತ ಎಂಬುದನ್ನೂ ನ್ಯಾಯಾಲಯ ಗಮನಿಸಿತು. ತೀರ್ಪು ನಮ್ಮ ಪರವಾಗಿ ಬಂತೆಂದು ಊರಲ್ಲಿ ಸಂಭ್ರಮವಾಯಿತು. ನನಗೆ ಸಮಾಧಾನವೇನೋ ಆಯಿತು. ಆದರೆ ಸೀಮಿತ ಎಂಬ ಆ ಮಾತು ಕಿವಿಯಲ್ಲಿ ಉಳಿಯಿತು. ಮುಂದಿನ ಹತ್ತು ವರ್ಷಕ್ಕೆ ಕಾರಣ ಕೇಳಿದರೆ ಏನು ಹೇಳುತ್ತೇವೆ?

ನಾನು ಹೇಳುವುದು ಇಷ್ಟು. ನಿಮ್ಮ ವಿನಾಯಿತಿ ಮನುಷ್ಯನನ್ನು ಬಹಳ ಕೂಲಂಕಷವಾಗಿ ನೋಡುತ್ತದೆ, ಕೋವಿಯನ್ನು ಅಷ್ಟಾಗಿ ನೋಡುವುದಿಲ್ಲ. ಯಾರ ಮಗ, ಯಾವ ಒಕ್ಕ ಅಂದರೆ ಯಾವ ಮನೆತನ, ಜಮ್ಮಾ ಜಮೀನು ಯಾರ ಹೆಸರಲ್ಲಿದೆ, ಇದೆಲ್ಲ ತಿಳಿದ ಮೇಲೆ ವಿನಾಯಿತಿ ಪತ್ರ. 2019ರ ಆದೇಶದ ಸುದ್ದಿ ಬಂದಾಗ ಪತ್ರಿಕೆಗಳು ಪಿಸ್ತೂಲು, ರಿವಾಲ್ವರ್, ಜೋಡಿ ನಳಿಗೆ ಕೋವಿ ಎಂದು ಒಂದೇ ಉಸಿರಲ್ಲಿ ಬರೆದವು. ಅವತ್ತು ಪತ್ರಿಕೆ ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ನಮ್ಮ ಯಾವ ಹಬ್ಬದಲ್ಲಿ ಪಿಸ್ತೂಲಿದೆ? ಅದರ ಬಾಯಿಗೆ ಯಾರು ತೋಕ್ ಪೂ ಸಿಕ್ಕಿಸಿದರು? ಹಂದಿಯನ್ನು ರಿವಾಲ್ವರ್ ತೋರಿಸಿ ಓಡಿಸಿದ ರೈತ ಯಾರು?

ಉದ್ದ ಕೋವಿಗೂ ಗಿಡ್ಡ ಕೋವಿಗೂ ಇರುವ ವ್ಯತ್ಯಾಸ ಗೇಣುಮೊಳದ ಲೆಕ್ಕವಲ್ಲ. ಜೋಡಿ ನಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೋದರೆ ಅರ್ಧ ಮೈಲಿ ದೂರದಿಂದ ಊರಿಗೇ ಕಾಣುತ್ತದೆ, ಯಾಕಪ್ಪಾ ಎಂದು ನಾಲ್ಕು ಜನ ಕೇಳುತ್ತಾರೆ. ಎರಡು ತೋಟೆ ಮುಗಿದರೆ ಮುರಿದು ಬಗ್ಗಿಸಿ ಮತ್ತೆ ತುಂಬಬೇಕು. ಆ ಹೊತ್ತಿನಲ್ಲಿ ಸಿಟ್ಟು ಸ್ವಲ್ಪ ಇಳಿಯಬಹುದು, ಎದುರಿಗಿದ್ದವನು ಓಡಬಹುದು, ಅಕ್ಕಪಕ್ಕದವರು ಬಂದು ತಡೆಯಬಹುದು. ಪಿಸ್ತೂಲು ಅಂಗಿಯ ಒಳಗೆ ಕಾಣದೆ ಕೂರುತ್ತದೆ. ಮೂರು ಹೆಜ್ಜೆ ಅಂತರದಲ್ಲಿರುವ ಮನುಷ್ಯನಿಗೆಂದೇ ಮಾಡಿದ್ದು ಅದು.

ಕೆಲವು ವರ್ಷದ ಹಿಂದೆ ನಮ್ಮ ಬಳಗದ ಒಂದು ಮದುವೆ. ಮಂಟಪದ ಹೊರಗೆ ವಾಹನ ನಿಲ್ಲಿಸುವ ವಿಷಯಕ್ಕೆ ಇಬ್ಬರು ಹುಡುಗರ ನಡುವೆ ಮಾತು ಬೆಳೆಯಿತು. ಇಬ್ಬರೂ ಕುಡಿದಿದ್ದರು, ಇಬ್ಬರೂ ನನಗೆ ದೂರದಿಂದ ನೆಂಟರು. ಅವರಲ್ಲಿ ಒಬ್ಬ ಕುಪ್ಯ ಎಂಬ ನಿಲುವಂಗಿಯ ಅಂಚನ್ನು ಸ್ವಲ್ಪ ಮೇಲೆತ್ತಿದ. ಏನೂ ಹೇಳಲಿಲ್ಲ, ಕೈಯನ್ನೂ ಹಾಕಲಿಲ್ಲ. ಸೊಂಟದಲ್ಲಿ ಪೀಚೆಕತ್ತಿಯ ಪಕ್ಕದಲ್ಲೇ ಕಪ್ಪಗೆ ಒಂದು ಹಿಡಿ ಕಂಡಿತು. ಇನ್ನೊಬ್ಬ ಮಾತು ನಿಲ್ಲಿಸಿ ಹಿಂದೆ ಸರಿದ. ಅಷ್ಟೇ ನಡೆದದ್ದು. ಗುಂಡು ಹಾರಲಿಲ್ಲ, ಪೊಲೀಸರು ಬರಲಿಲ್ಲ, ಒಳಗೆ ವಾಲಗದ ಕುಣಿತ ನಡೆದೇ ಇತ್ತು. ಆದರೆ ಅಲ್ಲಿ ನಿಂತಿದ್ದ ಏಳೆಂಟು ವರ್ಷದ ಮಕ್ಕಳು ಅದನ್ನು ನೋಡಿದರು. ಜಗಳ ಗೆಲ್ಲುವುದು ಹೇಗೆ ಎಂದು ಆ ಮಕ್ಕಳಿಗೆ ಪಾಠವಾಯಿತು. ನನ್ನ ಅಜ್ಜನ ಕೇಪಿನ ಕೋವಿ ತನ್ನ ಇಡೀ ಆಯುಷ್ಯದಲ್ಲಿ ಕಲಿಸದ ಪಾಠ ಅದು. ಆ ರಾತ್ರಿ ಮನೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಮರುದಿನ ಹಿರಿಯರೊಬ್ಬರಿಗೆ ಹೇಳಿದೆ. ಹುಡುಗು ಬುದ್ಧಿ, ದೊಡ್ಡದು ಮಾಡಬೇಡ ಎಂದರು. ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪು ಎಂದು ಇವತ್ತಿಗೂ ಅನಿಸುತ್ತದೆ.

ಕೋವಿಯ ಗುಣ ನೋಡಿ ನಿಯಮ ಮಾಡುವುದು ನಿಮ್ಮ ಕಾಯಿದೆಗೆ ಹೊಸತೇನಲ್ಲ. 1959ರ ಕಾಯಿದೆಯನ್ನೇ ತೆರೆಯಿರಿ. ನಿಷೇಧಿತ ಆಯುಧ ಎಂದರೆ ಏನು ಎಂಬಲ್ಲಿ ಅದು ಟ್ರಿಗರ್‌ನ ಮಾತಾಡುತ್ತದೆ: ಅದುಮಿ ಹಿಡಿದಷ್ಟು ಹೊತ್ತು, ಇಲ್ಲವೇ ಮ್ಯಾಗಜೀನ್ ಖಾಲಿಯಾಗುವ ತನಕ, ಗುಂಡು ಹಾರುತ್ತಲೇ ಇದ್ದರೆ ಅದು ನಾಗರಿಕರ ಕೈಗೆ ಬರಬಾರದು. ಅದರ 13ನೇ ಕಲಮು ಇನ್ನೂ ಸೂಕ್ಷ್ಮ. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ, ಬಾಯಿಯಿಂದ ತುಂಬುವ ಕೋವಿಯನ್ನು ಬೆಳೆ ಕಾಯುವುದಕ್ಕೋ ಕೇಳುವವರಿಗೆ ಒಂದು ದಾರಿ, ಉಳಿದ ಕೋವಿ ಕೇಳುವವರಿಗೆ ಇನ್ನೊಂದು ದಾರಿ. ಎಷ್ಟು ಬಲ್ಲವರು ಬರೆದ ಕಲಮು ಅದು! ಅದನ್ನು ಬರೆದವರಿಗೆ ಗದ್ದೆ ಕಾಯುವವನ ಕೈಯಲ್ಲಿ ಏನಿರುತ್ತದೆಂದು ಗೊತ್ತಿತ್ತು. ಇಡೀ ದೇಶಕ್ಕೆ ಹಾಕಿದ ಆ ಗೆರೆಯನ್ನು ಕೊಡಗಿಗೂ ಹಾಕಿ ಎಂಬುದೇ ನನ್ನ ಬೇಡಿಕೆ. ಮನೆತನದ ಕೇಪಿನ ಕೋವಿಗೂ ಒಂಟಿ ನಳಿಗೆ, ಜೋಡಿ ನಳಿಗೆಗಳಿಗೂ ವಿನಾಯಿತಿ ಇರಲಿ. ಪಿಸ್ತೂಲು, ರಿವಾಲ್ವರ್ ಬೇಕೆನ್ನುವ ಕೊಡವ ಬೇರೆ ಎಲ್ಲರಂತೆ ಅರ್ಜಿ ಹಾಕಲಿ, ಕಾರಣ ಹೇಳಲಿ, ಪೊಲೀಸ್ ವಿಚಾರಣೆ ಎದುರಿಸಲಿ.

ಗೆರೆ ಎಲ್ಲಿ ಎಳೆಯಬೇಕು ಎಂಬಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಇದೆ. ಅಲ್ಲಿ 1994ರಲ್ಲಿ ‘ಅಸಾಲ್ಟ್ ವೆಪನ್’ಗಳನ್ನು ನಿಷೇಧಿಸಿದರು. ಯಾವುದು ಅಂಥ ಕೋವಿ ಎಂದು ಹೇಳಲು ಕೆಲವು ಕೋವಿಗಳ ಹೆಸರು ಬರೆದರು, ಉಳಿದವಕ್ಕೆ ಲಕ್ಷಣಗಳ ಪಟ್ಟಿ ಮಾಡಿದರು: ಮಡಚುವ ಹಿಂಬದಿ, ಪಿಸ್ತೂಲಿನಂಥ ಹಿಡಿ, ಬಯೊನೆಟ್ ಸಿಕ್ಕಿಸುವ ಕೊಂಡಿ, ಬೆಂಕಿಯ ಮಿಂಚು ಮರೆಸುವ ಮೂತಿ. ಬಿಚ್ಚಿ ಹಾಕುವ ಮ್ಯಾಗಜೀನ್ ಇರುವ ಅರೆಸ್ವಯಂಚಾಲಿತ ರೈಫಲಿನಲ್ಲಿ ಇಂಥವು ಎರಡಿದ್ದರೆ ನಿಷೇಧ. ತಯಾರಕರು ಕೊಂಡಿ ತೆಗೆದರು, ಮೂತಿ ತೆಗೆದರು, ಅದೇ ಯಂತ್ರವನ್ನು ಹೊಸ ಹೆಸರಲ್ಲಿ ಮಾರಿದರು. 2004ರಲ್ಲಿ ಆ ಕಾಯಿದೆಯ ಅವಧಿಯೇ ಮುಗಿಯಿತು. ವೇಷ ನೋಡಿ ಮಾಡಿದ ನಿಯಮವನ್ನು ವೇಷ ಬದಲಿಸಿ ಸೋಲಿಸಿದರು. ಯಂತ್ರದ ಕೆಲಸ ನೋಡಿ ಬರೆದರೂ ಪದಗಳು ಸಡಿಲವಿದ್ದರೆ ಅದೂ ಜಾರುತ್ತದೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಹಾಡು ಕೇಳಲು ಬಂದ ಜನರ ಮೇಲೆ ಒಬ್ಬ ಗುಂಡಿನ ಮಳೆ ಸುರಿಸಿದ. ಅವನ ರೈಫಲುಗಳಿಗೆ ಬಂಪ್ ಸ್ಟಾಕ್ ಎಂಬ ಸಾಧನ ಇತ್ತು, ಹಿಮ್ಮೆಟ್ಟುವ ರಭಸವನ್ನೇ ಬಳಸಿ ಬೆರಳಿಗೆ ಟ್ರಿಗರ್ ಮತ್ತೆ ಮತ್ತೆ ತಾಗಿಸುವ ಸಾಧನ. ಅದನ್ನು ಮೆಷಿನ್ ಗನ್ ಎಂದು ಸರ್ಕಾರ ನಿಷೇಧಿಸಿತು. ಟ್ರಿಗರ್ ಪ್ರತಿ ಸಲವೂ ಬೇರೆಬೇರೆಯಾಗಿ ಕೆಲಸ ಮಾಡುತ್ತದೆ, ಹಾಗಾಗಿ ಕಾಯಿದೆಯ ಮಾತಿನ ಪ್ರಕಾರ ಅದು ಮೆಷಿನ್ ಗನ್ ಅಲ್ಲ ಎಂದು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸತ್ತವರ ಮನೆಯವರು ಆ ವ್ಯಾಕರಣವನ್ನು ಹೇಗೆ ಓದಿಕೊಂಡಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ. ಆದೇಶದ ಒಂದೊಂದು ಪದ ಬರೆಯುವಾಗಲೂ ನೀವು ಅವರನ್ನು ನೆನೆಯಬೇಕು.

ಇನ್ನು ಆ ‘ಜನಾಂಗ’ ಎಂಬ ಪದ. ಅದನ್ನು ತೆಗೆಯಿರಿ ಎಂದು ಕೊಡವತಿಯಾಗಿ ಕೇಳುತ್ತಿದ್ದೇನೆ. ಇದಕ್ಕೆ ನಮ್ಮವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಗೊತ್ತು. ಜಮ್ಮಾ ಎಂಬುದು ರಾಜರ ಕಾಲದಲ್ಲಿ ದಂಡಿನ ಚಾಕರಿಗೆ ಪ್ರತಿಯಾಗಿ, ಅರ್ಧ ಕಂದಾಯಕ್ಕೆ, ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ಅದು ಕೊಡವರಿಗಷ್ಟೇ ಅಲ್ಲ, ಅರೆಭಾಷೆ ಗೌಡರೂ ಸೇರಿ ಬೇರೆ ಕುಲದವರಿಗೂ ಇದೆ. ಅವರು ಭೂಮಿಯ ದಾರಿಯಿಂದ ಈ ವಿನಾಯಿತಿಯ ಒಳಗೆ ಬಂದರು, ನಾವು ಹುಟ್ಟಿನ ದಾರಿಯಿಂದ ಬಂದೆವು. ಎರಡೂ ದಾರಿ ಇಲ್ಲದವರೂ ಕೊಡಗಿನಲ್ಲೇ ಹುಟ್ಟಿ ಕೊಡಗಿನಲ್ಲೇ ಸಾಯುತ್ತಾರೆ. ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಯರವ ಬುಡಕಟ್ಟಿನ ಹೆಂಗಸೊಬ್ಬಳಿದ್ದಾಳೆ. ಬೆಳಗಿನ ಮಂಜಿನಲ್ಲಿ ಲೈನ್ ಮನೆಯಿಂದ ಹೊರಟು ಕಾಫಿ ಗಿಡಗಳ ನಡುವೆ ನಡೆಯುವಾಗ ಎದುರಿಗೆ ಆನೆ ಸಿಗುವುದು ಅವಳಿಗೆ, ನನಗಲ್ಲ. ಅವಳ ಕೈಗೂ ಕೋವಿ ಕೊಡಿ ಎನ್ನುತ್ತಿಲ್ಲ, ಕೋವಿಯಿಂದ ಆನೆಯ ಸಮಸ್ಯೆ ಬಗೆಹರಿಯುವುದೂ ಇಲ್ಲ. ಆದರೆ ರಕ್ಷಣೆಗಾಗಿ ಕೊಡವರಿಗೆ ಆಯುಧ ಬೇಕು ಎಂದು ಯಾರಾದರೂ ನಿಮ್ಮ ಮುಂದೆ ವಾದಿಸಿದರೆ ಅವಳನ್ನು ನೆನಪಿಟ್ಟುಕೊಳ್ಳಿ.

ಘಟ್ಟದ ಕೆಳಗೆ ಪುತ್ತೂರು ಸುಳ್ಯದ ಅಡಿಕೆ ಬೆಳೆಗಾರ, ಆ ಕಡೆ ಮೂಡಿಗೆರೆ ಕೊಪ್ಪದ ಬೆಳೆಗಾರ, ನಮ್ಮ ಹಾಗೆಯೇ ಹಂದಿ ಮಂಗಗಳ ಕಾಟದಲ್ಲಿ ಇರುವವರು. ಅದೇ ಒಂಟಿ ನಳಿಗೆ ಕೋವಿಗಾಗಿ ಅವರು ಅರ್ಜಿ, ವಿಚಾರಣೆ, ನವೀಕರಣ ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರಿಗೈಲಿ ತೋಟ ಕಾಯುತ್ತಾರೆ. ಪ್ರತಿಯೊಬ್ಬರ ವಿಷಯವನ್ನೂ ಪರಿಶೀಲಿಸಿ ಬೇಕಾದವರಿಂದ ಮಾತ್ರ ಕೋವಿ ಪಡೆಯಲು ಸಮಿತಿ ಇರಬೇಕೆಂದು ಚುನಾವಣಾ ಆಯೋಗವೇ ಹೇಳಿದೆ. ಆದರೂ ಎಲ್ಲರಿಗೂ ಒಂದೇ ನೋಟಿಸ್ ಹೋಗುವುದು ಮಾಮೂಲಾಗಿದೆ. ಒಂದೇ ಬಗೆಯ ಕೋವಿ, ಒಂದೇ ಬಗೆಯ ಬಳಕೆ, ಒಂದು ಬೆಟ್ಟದ ಅಂತರ. ಕೋವಿಯನ್ನೂ ಬಳಕೆಯನ್ನೂ ನೋಡಿ ನಿಯಮ ಬರೆದರೆ ಅವರೂ ಉಸಿರಾಡುತ್ತಾರೆ, ನಮ್ಮ ವಿನಾಯಿತಿಗೂ ನಾಚಿಕೆಪಡದೆ ಹೇಳಬಹುದಾದ ಕಾರಣ ಸಿಗುತ್ತದೆ.

2019ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು, ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದು ಎಂದಿದ್ದನ್ನು ಎರಡಕ್ಕೆ ಇಳಿಸಿತು. ನನಗೆ ಅದರ ಬಗ್ಗೆ ತಕರಾರಿಲ್ಲ. ಅದೇ ತಿದ್ದುಪಡಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದನ್ನು ಎರಡು ವರ್ಷ ಜೈಲಾಗಬಹುದಾದ ಅಪರಾಧ ಮಾಡಿತು. ಮದುವೆ ಮೆರವಣಿಗೆಯಲ್ಲಿ ಮೇಲಕ್ಕೆ ಹಾರಿಸಿದ ಗುಂಡು ಯಾರದೋ ಮಾಳಿಗೆಯ ಮೇಲೆ ನಿಂತ ಮಗುವಿಗೆ ತಗಲುವ ದೇಶ ಇದು. ಆ ನಿಯಮ ಬೇಕೇ ಬೇಕಿತ್ತು. ಸುತ್ತ ಹಗ್ಗ ಕಟ್ಟಿ, ಹಿರಿಯರು ಪಕ್ಕದಲ್ಲಿ ನಿಂತು, ಸರದಿಯ ಮೇಲೆ ತೆಂಗಿನಕಾಯಿಗೆ ಗುರಿ ಇಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ‘ಅಪಾಯ’ ಎಂಬ ಆ ಒಂದು ಪದದಲ್ಲಿದೆ. ಆ ಪದವನ್ನು ಅಲ್ಲೇ ಇಡಿ.

ಈಗ ಕೆಲವು ಮಾತು ನಮ್ಮವರಿಗೆ. ಈ ಪತ್ರವನ್ನು ನೀವೂ ಓದುತ್ತೀರಿ ಎಂಬ ಭರವಸೆಯಿಂದಲೇ ಕನ್ನಡದಲ್ಲಿ ಬರೆದಿದ್ದೇನೆ. ಕೋವಿ ಇದ್ದರೂ ನಮ್ಮ ಜಿಲ್ಲೆ ಶಾಂತವಾಗಿದೆ ಎಂದು ನಾವು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಬಹುಮಟ್ಟಿಗೆ ಅದು ನಿಜ. ಆದರೆ ಗಡಿಯ ಬೇಲಿಗೆ ಅಣ್ಣತಮ್ಮಂದಿರು ಜಗಳವಾಡಿ ಕೋವಿ ಎತ್ತಿದ ಸುದ್ದಿ ಮಡಿಕೇರಿಯ ಪತ್ರಿಕೆಗಳಲ್ಲಿ ಓದಿಲ್ಲವೇ? ಹಂದಿ ಎಂದು ತಿಳಿದು ಜೊತೆಯವನಿಗೇ ಈಡು ಹೊಡೆದ ಸುದ್ದಿ? ಕುಡಿತ, ಸಾಲ, ಒಂಟಿತನ ತುಂಬಿದ ಮನೆಗಳಲ್ಲಿ ಗೋಡೆಯ ಮೊಳೆಗೆ ಕೋವಿ ತೂಗಿದೆ. ನಮ್ಮ ಒಕ್ಕದಲ್ಲೇ ಒಬ್ಬರು ಹಾಗೆ ಹೋದರು. ಕಾಫಿಗೆ ಬೆಲೆ ಬಿದ್ದಿದ್ದ ವರ್ಷ ಅದು. ಅವರ ಹೆಂಡತಿ ನನ್ನ ಕೈ ಹಿಡಿದು, ಅದು ಬೀಗದೊಳಗೆ ಇದ್ದಿದ್ದರೆ ಕೀಲಿ ಹುಡುಕುವಷ್ಟರಲ್ಲಿ ನಾನು ಹಟ್ಟಿಯಿಂದ ಬಂದುಬಿಡುತ್ತಿದ್ದೆ ಎಂದಳು. ಇಪ್ಪತ್ತು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ, ಅಧಿಕಾರಿಗಳೇ, ಹೊಸ ಆದೇಶದಲ್ಲಿ ಒಂದು ಷರತ್ತು ಸ್ಪಷ್ಟವಾಗಿ ಬರೆಯಿರಿ: ವಿನಾಯಿತಿ ಪಡೆದ ಪ್ರತಿ ಕೋವಿಯೂ ಬೀಗದೊಳಗಿರಬೇಕು, ತೋಟೆ ಬೇರೆ ಕಡೆ ಇರಬೇಕು. ಜಿಲ್ಲಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಕೋವಿಯ ನಂಬರು, ಬಗೆ, ಇರುವ ಮನೆ ನಮೂದಾಗಿರಬೇಕು, ಕೆಲವು ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕು. ಇದು ಅವಮಾನ ಎಂದು ನಮ್ಮಲ್ಲಿ ಯಾರೂ ಹೇಳಬಾರದು.

ಹೇಳಬಾರದು ಎನ್ನುವುದಕ್ಕೆ ನನಗೆ ಅಪ್ಪನ ಬಲ ಇದೆ. ಅವರು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ಬಂದವರು. ಯುದ್ಧದ ಕತೆ ಹೇಳುತ್ತಿದ್ದದ್ದು ಕಡಿಮೆ, ಕೋತ್‌ನ ಕತೆ ಹೇಳುತ್ತಿದ್ದದ್ದು ಹೆಚ್ಚು. ಕೋತ್ ಎಂದರೆ ಪಲ್ಟನ್ನಿನ ಆಯುಧ ಇಡುವ ಕೋಣೆ. ಸಹಿ ಹಾಕಿ ರೈಫಲ್ ತೆಗೆದುಕೊಳ್ಳಬೇಕು, ಸಂಜೆ ಉಜ್ಜಿ ತೋರಿಸಿ ಸಹಿ ಹಾಕಿ ಹಿಂದಿರುಗಿಸಬೇಕು. ಒಂದು ಖಾಲಿ ತೋಟೆ ಲೆಕ್ಕಕ್ಕೆ ಸಿಗದಿದ್ದರೆ ಇಡೀ ಕಂಪನಿ ಮೈದಾನದ ಹುಲ್ಲಿನಲ್ಲಿ ಬಗ್ಗಿ ಹುಡುಕಬೇಕು. ಊರಿಗೆ ಬಂದ ಮೇಲೂ ಅವರು ಆ ಅಭ್ಯಾಸ ಬಿಡಲಿಲ್ಲ. ಮರದ ಬೀರುವಿಗೆ ಕಬ್ಬಿಣದ ಪಟ್ಟಿ ಹೊಡೆಸಿ ಬೀಗ ಹಾಕಿದರು, ತೋಟೆಗಳನ್ನು ಭತ್ತದ ಕಣಜದ ಕೋಣೆಯ ಪೆಟ್ಟಿಗೆಯಲ್ಲಿಟ್ಟರು. ಒಂದು ಕೆಂಪು ರಟ್ಟಿನ ನೋಟುಪುಸ್ತಕ ಇಟ್ಟರು. ತಾರೀಖು, ಎಷ್ಟು ತೋಟೆ, ಯಾಕೆ. ಹಂದಿ, ಒಂದು. ಪುತ್ತರಿ, ಒಂದು. ಅಣ್ಣನಿಗೆ ಮಗ ಹುಟ್ಟಿದ ದಿನ, ಒಂದು. ಅದರ ಮರುವರ್ಷ ನನಗೆ ಮಗಳು ಹುಟ್ಟಿದಾಗ ಯಾರನ್ನೂ ಕೇಳದೆ ಅಂಗಳಕ್ಕಿಳಿದು ಒಂದು ಈಡು ಹೊಡೆದು ಬಂದು ಅದನ್ನೂ ಬರೆದರು.

ಅವರು ತೀರಿಕೊಂಡದ್ದು ಒಂದು ಆಷಾಢದ ಮುಂಜಾನೆ. ಮಳೆ ಸುರಿಯುತ್ತಿತ್ತು. ಅಣ್ಣ ಬೀರು ತೆಗೆದು ಕೋವಿ ಹಿಡಿದು ಹೊರಗೆ ಹೋದ, ಎರಡು ಸಲ ಶಬ್ದವಾಯಿತು. ಗದ್ದೆಯಲ್ಲಿ ಸಸಿ ಕೀಳುತ್ತಿದ್ದವರು ನೆಟ್ಟಗೆ ನಿಂತು ಮನೆಯ ಕಡೆ ನೋಡಿದರು. ಅಣ್ಣ ಕೋವಿ ಒರೆಸಿ ಒಳಗಿಟ್ಟು ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಅಳು ಮುಗಿದ ಮೇಲೆ, ಸಂಜೆಯೋ ಮರುದಿನವೋ ನೆನಪಿಲ್ಲ, ನಾನು ಆ ಪುಸ್ತಕ ತೆಗೆದು ತಾರೀಖು ಹಾಕಿ ಬರೆದೆ: ತೋಟೆ ಎರಡು, ಅಪ್ಪ.

ಪುಸ್ತಕ ನಮ್ಮ ಮನೆಯಲ್ಲಿದೆ. ಜಿಲ್ಲಾಧಿಕಾರಿಗಳ ಮೂಲಕ ಹೇಳಿಕಳಿಸಿದರೆ ನಿಮಗೆ ತೋರಿಸಲು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಕೊಡವತಿ